ಸೋನಿ ಎ6700, ಫ್ಯೂಜಿಫಿಲ್ಮ್ ಎಕ್ಸ್-ಟಿ5: ಓಡುವುದಕ್ಕೊಂದು, ನಿಂತದ್ದಕ್ಕೊಂದು

ಈ ಎರಡು ಕ್ಯಾಮೆರಾಗಳನ್ನು ಅಕ್ಕಪಕ್ಕ ಇಟ್ಟು ನೋಡುವವರ ಕಣ್ಣು ಮೊದಲು ಹೋಗುವುದೇ ಮೆಗಾಪಿಕ್ಸೆಲ್ ಕಡೆಗೆ. ಎಕ್ಸ್-ಟಿ5ರಲ್ಲಿ 40, ಎ6700ರಲ್ಲಿ 26. ಅಷ್ಟಕ್ಕೇ ತೀರ್ಮಾನಕ್ಕೆ ಬಂದುಬಿಟ್ಟರೆ ಮೋಸ ಹೋಗುತ್ತೀರಿ. ನೀವು ತೆಗೆಯಹೊರಟಿರುವುದು ನಿಮಗಾಗಿ ಕಾಯುತ್ತದೆಯೇ, ಕಾಯುವುದಿಲ್ಲವೇ ಅನ್ನುವುದನ್ನು ಮೊದಲು ಕೇಳಿಕೊಳ್ಳಿ. ಬೆಟ್ಟ, ಹೂವು, ಕಟ್ಟಡ, ಬೀದಿಯ ಬೆಳಕು ಕಾಯುತ್ತವೆ. ಹಕ್ಕಿ, ಓಡುವ ಮಗು, ಆಟಗಾರ ಕಾಯುವುದಿಲ್ಲ. ಕಾಯುವುದಕ್ಕೆ ಎಕ್ಸ್-ಟಿ5, ಕಾಯದ್ದಕ್ಕೆ ಎ6700. ಯಾಕೆ ಎನ್ನುವುದು ಎರಡರ ಒಳಗೆ ಇಳಿದು ನೋಡಿದರೆ ಗೊತ್ತಾಗುತ್ತದೆ.

ಎಕ್ಸ್-ಟಿ5 ಬಂದದ್ದು 2022ರ ನವೆಂಬರ್‌ನಲ್ಲಿ, ಎ6700 ಬಂದದ್ದು 2023ರ ಜುಲೈನಲ್ಲಿ. ಎರಡರದ್ದೂ ಎಪಿಎಸ್-ಸಿ ಸೆನ್ಸರ್, ಅಂದರೆ ಬೆಳಕು ಹಿಡಿಯುವ ಚಿಪ್ ಒಂದೇ ಅಳತೆಯದ್ದು. ಬ್ಯಾಟರಿ, ಕಾರ್ಡ್ ಸೇರಿ ಎ6700ರ ತೂಕ 493 ಗ್ರಾಂ, ಎಕ್ಸ್-ಟಿ5ರದ್ದು 557 ಗ್ರಾಂ. ಈ 64 ಗ್ರಾಂ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಚೀಲ ಭಾರವಾಗುವುದು ಲೆನ್ಸ್‌ಗಳಿಂದ. ಬ್ಯಾಟರಿ ವಿಷಯದಲ್ಲೂ ಜಗಳವಿಲ್ಲ. ಒಂದು ಚಾರ್ಜಿಗೆ ಎ6700 570, ಎಕ್ಸ್-ಟಿ5 580 ಚಿತ್ರ ಎಂದು ಕಂಪನಿಗಳ ಲೆಕ್ಕ. ಎರಡಕ್ಕೂ ಒಂದೊಂದು ಹೆಚ್ಚುವರಿ ಬ್ಯಾಟರಿ ಬೇಕೇ ಬೇಕು.

ಮೆಗಾಪಿಕ್ಸೆಲ್ ಲೆಕ್ಕವನ್ನು ಒಮ್ಮೆ ಸರಿಯಾಗಿ ಮಾಡಿಬಿಡೋಣ. ಎಕ್ಸ್-ಟಿ5ರ ಚಿತ್ರದ ಅಗಲ 7728 ಪಿಕ್ಸೆಲ್, ಎ6700ರದ್ದು 6192. ಅಂದರೆ ಅಗಲದಲ್ಲಿ ಸಿಗುವ ಲಾಭ ಕಾಲು ಭಾಗ ಮಾತ್ರ. ಇಂಚಿಗೆ 300 ಚುಕ್ಕೆಯಂತೆ ಮುದ್ರಿಸಿದರೆ ಒಂದು ಸುಮಾರು 25.8 ಇಂಚು ಅಗಲ ಬರುತ್ತದೆ, ಇನ್ನೊಂದು 20.6 ಇಂಚು. ಫೋನಿನಲ್ಲಿ, ಲ್ಯಾಪ್‌ಟಾಪಿನಲ್ಲಿ ನೋಡುವ ಚಿತ್ರಕ್ಕೆ ಇದರಿಂದ ಏನೂ ಆಗುವುದಿಲ್ಲ. ಆ ಕಾಲು ಭಾಗವನ್ನು ಉಳಿಸಿಕೊಳ್ಳುವುದಕ್ಕೂ ಶ್ರಮ ಬೇಕು. ಒಳ್ಳೆಯ ಲೆನ್ಸ್ ಇರಬೇಕು, ಕೈ ಅಲುಗಬಾರದು, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ; ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಅತಿಯಾಗಿ ಕಿರಿದಾಗಬಾರದು. ಎಫ್/5.6ರಿಂದ ಎಫ್/8ರವರೆಗೆ 40 ಮೆಗಾಪಿಕ್ಸೆಲ್ ತನ್ನ ಸತ್ವ ತೋರಿಸುತ್ತದೆ. ಎಫ್/11ರ ಹೊತ್ತಿಗೆ ಡಿಫ್ರಾಕ್ಷನ್ (ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದು) ಅದನ್ನು ತಿನ್ನತೊಡಗುತ್ತದೆ. ಎಫ್/16ಕ್ಕೆ ಹೋದರೆ ದೊಡ್ಡ ಫೈಲು ಉಳಿಯುತ್ತದೆಯೇ ಹೊರತು ಹೆಚ್ಚಿನ ವಿವರ ಉಳಿಯುವುದಿಲ್ಲ.

ಮೊದಲು ಹಕ್ಕಿಗಳ ವಿಷಯ. ಕ್ಯಾಮೆರಾದ ಯೋಗ್ಯತೆ ಬಯಲಾಗುವುದು ಅಲ್ಲೇ.

ಸೋನಿಗೆ 70-350 ಎಂಎಂ ಲೆನ್ಸ್ (625 ಗ್ರಾಂ), ಫ್ಯೂಜಿಗೆ 70-300 ಎಂಎಂ ಲೆನ್ಸ್ (580 ಗ್ರಾಂ) ಹಾಕಿದೆವು ಅನ್ನಿ. ಸೋನಿ 350ಕ್ಕೆ ಹೋಗುತ್ತದೆ, ಹಾಗಾಗಿ ಹಕ್ಕಿ ದೊಡ್ಡದಾಗಿ ಬರುತ್ತದೆ ಅನ್ನಿಸುವುದು ಸಹಜ. ಆದರೆ ಫ್ಯೂಜಿಯ ಪಿಕ್ಸೆಲ್‌ಗಳು ಚಿಕ್ಕವು, ಒತ್ತೊತ್ತಾಗಿವೆ. ಲೆಕ್ಕ ಹಾಕಿದರೆ ಒಂದೇ ದೂರದಲ್ಲಿ ಕೂತ ಹಕ್ಕಿಯ ಉದ್ದಕ್ಕೆ ಫ್ಯೂಜಿಯ 300ರಲ್ಲಿ ಸಿಗುವ ಪಿಕ್ಸೆಲ್, ಸೋನಿಯ 350ರಲ್ಲಿ ಸಿಗುವುದಕ್ಕಿಂತ ನೂರಕ್ಕೆ ಐದಾರರಷ್ಟು ಹೆಚ್ಚೇ. ಮೇಲಾಗಿ ತುದಿಯಲ್ಲಿ ಫ್ಯೂಜಿ ಲೆನ್ಸ್ ಎಫ್/5.6, ಸೋನಿಯದ್ದು ಎಫ್/6.3. ಕಾಗದದ ಮೇಲೆ ಗೆಲ್ಲುವುದು ಫ್ಯೂಜಿಯೇ.

ಮಿಂಚುಳ್ಳಿ ಕೊಂಬೆ ಬಿಟ್ಟು ನೀರಿಗೆ ಧುಮುಕುವಾಗ ಈ ಲೆಕ್ಕ ತಲೆಕೆಳಗಾಗುತ್ತದೆ. ಹಕ್ಕಿ ತಲೆ ಬಗ್ಗಿಸಿ, ರೆಕ್ಕೆಯನ್ನು ಅರೆ ಬಿಚ್ಚಿ, ಕೊಂಬೆಯಿಂದ ಜಾರುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ. ಎ6700ರಲ್ಲಿ ಗುರುತಿಸುವ ಕೆಲಸಕ್ಕೆಂದೇ ಪ್ರತ್ಯೇಕ ಎಐ ಪ್ರೊಸೆಸರ್ ಇದೆ. ಹಕ್ಕಿ ಚೌಕಟ್ಟಿನಲ್ಲಿ ಸಣ್ಣದಿದ್ದರೂ ಕಣ್ಣಿನ ಮೇಲೆ ಫೋಕಸ್ ಚೌಕ ಕೂರುತ್ತದೆ, ನಡುವೆ ಜೊಂಡು ಬಂದರೂ ಬೇಗ ಬಿಟ್ಟುಕೊಡುವುದಿಲ್ಲ. ಎಕ್ಸ್-ಟಿ5 ಕೂಡ ಹಕ್ಕಿಯನ್ನು ಗುರುತಿಸುತ್ತದೆ. ಕೂತ ಹಕ್ಕಿಗೆ ಯಾವ ತಕರಾರೂ ಇಲ್ಲ. ಹಾರತೊಡಗಿದಾಗ ಮಾತ್ರ ಹಿಂದಿನ ಮರದ ಎಲೆಗಳ ಮೇಲೆ ಫೋಕಸ್ ಹಾರಿಬಿಡುವುದು ಹೆಚ್ಚು, ಮರಳಿ ಹಕ್ಕಿಯನ್ನು ಹಿಡಿಯುವುದು ನಿಧಾನ. ಹದಿನೈದು ಚಿತ್ರಗಳಲ್ಲಿ ಚೂಪಾಗಿ ಬಂದವು ಎಷ್ಟು ಎಂದು ಎಣಿಸಿದಾಗ ಸೋನಿ ಮುಂದೆ ಇರುತ್ತದೆ. ಮಸುಕಾದ 40 ಮೆಗಾಪಿಕ್ಸೆಲ್ ಚಿತ್ರಕ್ಕಿಂತ ಚೂಪಾದ 26 ಮೆಗಾಪಿಕ್ಸೆಲ್ ಚಿತ್ರ ಯಾವತ್ತೂ ಮೇಲು.

ವೇಗದಲ್ಲೂ ಇಂಥದ್ದೇ ಒಂದು ಮರ್ಮ ಇದೆ. ಮೆಕ್ಯಾನಿಕಲ್ ಶಟರ್‌ನಲ್ಲಿ ಎಕ್ಸ್-ಟಿ5 ಸೆಕೆಂಡಿಗೆ 15 ಚಿತ್ರ, ಎ6700 ಸೆಕೆಂಡಿಗೆ 11. ಆದರೆ ಎಕ್ಸ್-ಟಿ5ರಲ್ಲಿ ಲಾಸ್‌ಲೆಸ್ ರಾ (ಸೆನ್ಸರ್ ಹಿಡಿದದ್ದನ್ನು ಏನೂ ಕಳೆಯದೆ ಉಳಿಸುವ ಫೈಲ್) ಇಟ್ಟುಕೊಂಡರೆ 15ರ ವೇಗದಲ್ಲಿ ಸುಮಾರು 22 ಚಿತ್ರಕ್ಕೆ ಬಫರ್ (ಕಾರ್ಡಿಗೆ ಬರೆಯುವ ಮುನ್ನ ಚಿತ್ರ ಕೂರುವ ತಾತ್ಕಾಲಿಕ ಜಾಗ) ತುಂಬಿಬಿಡುತ್ತದೆ. ಒಂದೂವರೆ ಸೆಕೆಂಡು, ಅಷ್ಟೇ. ಎ6700 ಕಂಪ್ರೆಸ್ಡ್ ರಾದಲ್ಲಿ ಸುಮಾರು 59 ಚಿತ್ರ, ಅಂದರೆ ಐದು ಸೆಕೆಂಡಿನವರೆಗೆ ಉಸಿರು ಹಿಡಿಯುತ್ತದೆ. ಹಕ್ಕಿ ಯಾವಾಗ ಹಾರುತ್ತದೋ ಗೊತ್ತಿಲ್ಲದಾಗ ಈ ಐದು ಸೆಕೆಂಡು ದೊಡ್ಡ ಆಸರೆ. ಎಕ್ಸ್-ಟಿ5 ಬಳಸುವವರು ಹಕ್ಕಿಗೆ ಹೋಗುವಾಗ ಜೆಪೆಗ್‌ಗೆ ಇಲ್ಲವೇ ಕಂಪ್ರೆಸ್ಡ್ ರಾಗೆ ಬದಲಿಸಿಕೊಳ್ಳುವುದು ಒಳ್ಳೆಯದು.

ಎಕ್ಸ್-ಟಿ5ರ ಕೈಯಲ್ಲಿ ಒಂದು ತುರುಪು ಇದೆ: ಪ್ರೀ-ಶಾಟ್. ಬಟನ್ ಅರ್ಧ ಒತ್ತಿ ಹಿಡಿದಿದ್ದರೆ, ಪೂರ್ತಿ ಒತ್ತುವುದಕ್ಕೆ ಮುಂಚಿನ ಚಿತ್ರಗಳನ್ನೂ ಉಳಿಸುತ್ತದೆ. ಎ6700ರಲ್ಲಿ ಈ ಸೌಲಭ್ಯ ಇಲ್ಲ. ತೊಂದರೆ ಏನೆಂದರೆ ಇದು ಎಲೆಕ್ಟ್ರಾನಿಕ್ ಶಟರ್‌ನಲ್ಲಿ (ಯಾಂತ್ರಿಕ ಶಟರ್ ಚಲಿಸದೆ ಸೆನ್ಸರನ್ನೇ ಓದುವ ವಿಧಾನದಲ್ಲಿ) ಮಾತ್ರ ನಡೆಯುತ್ತದೆ, ಮತ್ತು 40 ಮೆಗಾಪಿಕ್ಸೆಲ್ ಸೆನ್ಸರ್ ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಓದಿ ಮುಗಿಸುವುದು ನಿಧಾನ. ಓದುತ್ತಿರುವಾಗಲೇ ರೆಕ್ಕೆ ಜಾಗ ಬದಲಿಸಿರುತ್ತದೆ. ಹಾಗಾಗಿ ಬಡಿಯುವ ರೆಕ್ಕೆ ಬಾಗಿ, ರಬ್ಬರಿನಂತೆ ಕಾಣುತ್ತದೆ. ಕಪ್ಪೆ ನೆಗೆಯುವುದಕ್ಕೆ, ಹಕ್ಕಿ ತಲೆ ತಿರುಗಿಸುವುದಕ್ಕೆ ಪ್ರೀ-ಶಾಟ್ ಚೆನ್ನ. ಬಿರುಸಾಗಿ ರೆಕ್ಕೆ ಬಡಿಯುವ ಸಣ್ಣ ಹಕ್ಕಿಗೆ ಬೇಡ. ಎಲೆಕ್ಟ್ರಾನಿಕ್ ಶಟರ್‌ನಲ್ಲಿ ಸೆಕೆಂಡಿಗೆ 20 ಚಿತ್ರ ಸಿಗುತ್ತದೆ ಎಂಬ ಮಾತೂ 1.29 ಪಟ್ಟು ಕ್ರಾಪ್‌ನೊಂದಿಗೆ (ಚಿತ್ರದ ಅಂಚು ಕತ್ತರಿಸಿ) ಬರುತ್ತದೆ ಅನ್ನುವುದು ನೆನಪಿರಲಿ.

ಎ6700ರಲ್ಲಿ ಹಾರುವ ಹಕ್ಕಿಗೆ ಹೀಗೆ ಹೊಂದಿಸಿಕೊಳ್ಳಿ: ಮ್ಯಾನುಯಲ್ ಮೋಡ್, ಶಟರ್ 1/2500, ಲೆನ್ಸ್ ಪೂರ್ತಿ ತೆರೆದದ್ದು, ಆಟೊ ಐಎಸ್‌ಒ (ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ) ಗರಿಷ್ಠ 6400, ಫೋಕಸ್ ಎಎಫ್-ಸಿ (ಬಿಡದೆ ಹಿಂಬಾಲಿಸುವ ಫೋಕಸ್), ಫೋಕಸ್ ಜಾಗ ‘ಟ್ರ್ಯಾಕಿಂಗ್: ಎಕ್ಸ್‌ಪ್ಯಾಂಡ್ ಸ್ಪಾಟ್’, ಗುರುತಿಸುವ ವಸ್ತು ‘ಬರ್ಡ್’. ಟ್ರ್ಯಾಕಿಂಗ್ ಸೆನ್ಸಿಟಿವಿಟಿಯನ್ನು 2ಕ್ಕೆ ಇಳಿಸಿದರೆ ಅಡ್ಡ ಬಂದ ಕೊಂಬೆಗೆ ಫೋಕಸ್ ಜಿಗಿಯುವುದು ಕಡಿಮೆಯಾಗುತ್ತದೆ. ಈ ಕ್ಯಾಮೆರಾದಲ್ಲಿ ಮನುಷ್ಯ, ಪ್ರಾಣಿ, ಹಕ್ಕಿ, ಕೀಟ, ವಾಹನ ಯಾವುದು ಎಂದು ತಾನೇ ಆರಿಸಿಕೊಳ್ಳುವ ಆಟೊ ಆಯ್ಕೆ ಇಲ್ಲ. ‘ಹ್ಯೂಮನ್’ ಎಂದು ಬಿಟ್ಟು ಹಕ್ಕಿಗೆ ಹೋದರೆ ಕ್ಯಾಮೆರಾ ಕಣ್ಣು ಹುಡುಕುವುದೇ ಇಲ್ಲ, ಆಮೇಲೆ ‘ಎಎಫ್ ಸರಿಯಿಲ್ಲ’ ಎಂಬ ದೂರು. ಈ ಆಯ್ಕೆಯನ್ನು ಒಂದು ಕಸ್ಟಮ್ ಬಟನ್‌ಗೆ ಕೊಟ್ಟುಬಿಡಿ.

ಎಕ್ಸ್-ಟಿ5ರಲ್ಲಿ ಮುಖ-ಕಣ್ಣು ಗುರುತಿಸುವುದು ಒಂದು ಕಡೆ, ಹಕ್ಕಿ-ವಾಹನ ಗುರುತಿಸುವುದು ಇನ್ನೊಂದು ಕಡೆ ಇದೆ. ಒಂದನ್ನು ಹಾಕಿದರೆ ಇನ್ನೊಂದು ಆರುತ್ತದೆ. ಎರಡಕ್ಕೂ ಬೇರೆ ಬೇರೆ ಬಟನ್ ಕೊಡಿ. ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ‘ಬೂಸ್ಟ್’ ಆನ್ ಮಾಡಿ, ಎಎಫ್-ಸಿ ಕಸ್ಟಮ್ ಸೆಟ್ಟಿಂಗ್‌ನಲ್ಲಿ 2ನೆಯದನ್ನು ಆರಿಸಿ. ಅಡ್ಡಿಗಳನ್ನು ಲೆಕ್ಕಿಸದೆ ಹಿಂಬಾಲಿಸಲು ಇರುವುದೇ ಅದು. ಇಷ್ಟು ಮಾಡಿದರೆ ದೊಡ್ಡ, ನಿಧಾನವಾಗಿ ಹಾರುವ ಕೊಕ್ಕರೆಯಂಥ ಹಕ್ಕಿಗಳು ಸಲೀಸಾಗಿ ಸಿಗುತ್ತವೆ.

ನಿಂತ ವಸ್ತುಗಳ ಕಡೆ ಬಂದರೆ ಎಕ್ಸ್-ಟಿ5 ಬೇರೆಯೇ ಕ್ಯಾಮೆರಾ. ಐಎಸ್‌ಒ, ಶಟರ್, ಎಕ್ಸ್‌ಪೋಷರ್ ಕಾಂಪೆನ್ಸೇಷನ್ ಮೂರಕ್ಕೂ ಮೇಲೆಯೇ ಡಯಲ್‌ಗಳಿವೆ. ಕ್ಯಾಮೆರಾ ಆನ್ ಮಾಡದೆಯೇ ಎಲ್ಲ ಹೇಗಿದೆ ಎಂದು ತಲೆ ಬಗ್ಗಿಸಿದರೆ ಕಾಣುತ್ತದೆ. ಫೋಕಸ್ ಬಿಂದುವನ್ನು ಸರಿಸಲು ಜಾಯ್‌ಸ್ಟಿಕ್ ಇದೆ. ಎ6700ರಲ್ಲಿ ಜಾಯ್‌ಸ್ಟಿಕ್ ಇಲ್ಲ, ಹಿಂದಿನ ಚಕ್ರವನ್ನೋ ಪರದೆಯನ್ನೋ ಬೆರಳಿನಿಂದ ತಡಕಬೇಕು. ವ್ಯೂಫೈಂಡರ್ ಕೂಡ ಎಕ್ಸ್-ಟಿ5ರದ್ದು ದೊಡ್ಡದು, ಸ್ಪಷ್ಟ: 36.9 ಲಕ್ಷ ಚುಕ್ಕೆ, 0.8 ಪಟ್ಟು. ಸೋನಿಯದ್ದು 23.6 ಲಕ್ಷ, 0.7 ಪಟ್ಟು. ಕನ್ನಡಕ ಹಾಕಿಕೊಂಡು ಮ್ಯಾನುಯಲ್ ಫೋಕಸ್ ಮಾಡುವವರಿಗೆ ಈ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ನಸುಕಿನಲ್ಲಿ ನೆಲದ ಮಟ್ಟದಲ್ಲಿ ಹುಲ್ಲಿನ ಮೇಲಿನ ಇಬ್ಬನಿಯನ್ನು ತೆಗೆಯುವಾಗ ಪರದೆಯ ಮಹಿಮೆ ತಿಳಿಯುತ್ತದೆ. ಎಕ್ಸ್-ಟಿ5ರ ಪರದೆ ಮೇಲಕ್ಕೆ, ಕೆಳಕ್ಕೆ ಮಾತ್ರವಲ್ಲ, ಕ್ಯಾಮೆರಾವನ್ನು ನಿಲ್ಲಿಸಿ ಹಿಡಿದಾಗಲೂ ವಾಲುತ್ತದೆ, ಮತ್ತು ಲೆನ್ಸಿನ ನೇರಕ್ಕೇ ಇರುತ್ತದೆ. ಎ6700ರ ಪರದೆ ಬಾಗಿಲಿನಂತೆ ಎಡಕ್ಕೆ ತೆರೆದುಕೊಳ್ಳುತ್ತದೆ; ನೋಡುವ ದಿಕ್ಕು ಒಂದು, ಲೆನ್ಸ್ ಇರುವ ಜಾಗ ಇನ್ನೊಂದು. ಚೌಕಟ್ಟನ್ನು ನೇರ ಮಾಡುವಷ್ಟರಲ್ಲಿ ಹನಿ ಜಾರಿರುತ್ತದೆ.

ಅದೇ ಹನಿಯನ್ನು ಮುಂದಿನಿಂದ ಹಿಂದಿನವರೆಗೆ ಚೂಪಾಗಿ ಬೇಕೆಂದರೆ ಎಕ್ಸ್-ಟಿ5ರ ಫೋಕಸ್ ಬ್ರ್ಯಾಕೆಟಿಂಗ್ (ಫೋಕಸ್ ಸ್ವಲ್ಪಸ್ವಲ್ಪ ಸರಿಸುತ್ತಾ ಸಾಲು ಚಿತ್ರ ತೆಗೆಯುವುದು) ಬಳಸಿ. ಡ್ರೈವ್ ಡಯಲನ್ನು ‘ಬಿಕೆಟಿ’ಗೆ ತಿರುಗಿಸಿ, ಮೆನುವಿನಲ್ಲಿ ಫೋಕಸ್ ಬ್ರ್ಯಾಕೆಟ್, ಅದರಲ್ಲಿ ‘ಆಟೊ’ ಆರಿಸಿ. ಹತ್ತಿರದ ಅಂಚಿಗೆ ಫೋಕಸ್ ಮಾಡಿ ‘ಎ’ ಗುರುತು, ದೂರದ ಅಂಚಿಗೆ ಮಾಡಿ ‘ಬಿ’ ಗುರುತು ಹಾಕಿ. ಎಷ್ಟು ಚಿತ್ರ ಬೇಕೆಂದು ಕ್ಯಾಮೆರಾವೇ ಲೆಕ್ಕ ಹಾಕುತ್ತದೆ. ಅಪರ್ಚರ್ ಎಫ್/5.6, ಎರಡು ಸೆಕೆಂಡ್ ಟೈಮರ್, ಟ್ರೈಪಾಡ್ ಮೇಲೆ ಸ್ಟೆಬಿಲೈಸೇಷನ್ ಆಫ್. ಚಿತ್ರಗಳನ್ನು ಒಂದು ಮಾಡುವ ಕೆಲಸ ಕ್ಯಾಮೆರಾ ಮಾಡುವುದಿಲ್ಲ, ಕಂಪ್ಯೂಟರಿನಲ್ಲಿ ಮಾಡಿಕೊಳ್ಳಬೇಕು. ನಡುವೆ ಗಾಳಿ ಬೀಸಿದರೆ ಅಂಚುಗಳು ಎರಡೆರಡಾಗಿ ಕಾಣುತ್ತವೆ; ಅಂಥ ಸರಣಿಯನ್ನು ತಿದ್ದುವುದರಲ್ಲಿ ಹೊತ್ತು ಕಳೆಯಬೇಡಿ, ಮತ್ತೆ ತೆಗೆಯಿರಿ. 20 ಚಿತ್ರ ಸೇರಿಸಿ 160 ಮೆಗಾಪಿಕ್ಸೆಲ್ ಮಾಡುವ ಪಿಕ್ಸೆಲ್ ಶಿಫ್ಟ್‌ಗೂ ಇದೇ ಮಾತು. ಹಳೆಯ ಹಸ್ತಪ್ರತಿ, ವರ್ಣಚಿತ್ರಗಳ ಪ್ರತಿ ತೆಗೆಯುವುದಕ್ಕೆ ಅದು ವರ. ಎಲೆ ಇರುವ ಯಾವ ದೃಶ್ಯಕ್ಕೂ ಅಲ್ಲ.

ಎಕ್ಸ್-ಟಿ5ರ ರಾ ಫೈಲ್ ಜೊತೆ ಒಂದು ಕಿರಿಕಿರಿ ಬರುತ್ತದೆ. ಅದರ ಸೆನ್ಸರ್ ಮೇಲಿನ ಬಣ್ಣದ ಫಿಲ್ಟರ್ ಎಲ್ಲರಂತೆ 2×2 ಅಲ್ಲ, 6×6 ವಿನ್ಯಾಸದ ಎಕ್ಸ್-ಟ್ರಾನ್ಸ್. ಚಿತ್ರ ತಿದ್ದುವ ಲೈಟ್‌ರೂಮ್ ತಂತ್ರಾಂಶದಲ್ಲಿ ಶಾರ್ಪನಿಂಗ್ ಜೋರು ಮಾಡಿದರೆ ದೂರದ ಹುಲ್ಲು, ಮರಗಳ ಎಲೆಗಳಲ್ಲಿ ಹುಳು ಹರಿದಂಥ ಗೆರೆಗಳು ಏಳುತ್ತವೆ. ‘ಡಿಟೇಲ್’ ಸ್ಲೈಡರ್ ಕಡಿಮೆ ಮಾಡಿ, ಇಲ್ಲವೇ ಮೊದಲು ‘ಎನ್‌ಹ್ಯಾನ್ಸ್’ ಓಡಿಸಿ. ಸೋನಿಯ ಫೈಲಿಗೆ ಈ ಗೋಳಿಲ್ಲ.

ಬೀದಿ ಛಾಯಾಗ್ರಹಣಕ್ಕೆ ಎಕ್ಸ್-ಟಿ5 ಹೇಳಿ ಮಾಡಿಸಿದಂತಿದೆ. 23 ಎಂಎಂ ಲೆನ್ಸ್, ಎಫ್/8, ಮ್ಯಾನುಯಲ್ ಫೋಕಸ್ 3 ಮೀಟರಿಗೆ. ಸುಮಾರು 1.6 ಮೀಟರಿನಿಂದ 30 ಮೀಟರಿನವರೆಗೆ ಎಲ್ಲವೂ ಒಪ್ಪುವಷ್ಟು ಚೂಪು. ಕ್ಯಾಮೆರಾದ ಪರದೆಯಲ್ಲಿ ಕಾಣುವ ಅಳತೆಪಟ್ಟಿ ಇದಕ್ಕಿಂತ ತೀರಾ ಕಿರಿದಾಗಿ ತೋರಿಸಿದರೆ ಗಾಬರಿ ಬೇಡ. ಡೆಪ್ತ್ ಆಫ್ ಫೀಲ್ಡ್ (ಚೂಪಾಗಿ ಬರುವ ದೂರದ ವ್ಯಾಪ್ತಿ) ಸ್ಕೇಲ್ ‘ಪಿಕ್ಸೆಲ್ ಬೇಸಿಸ್’ನಲ್ಲಿದೆ, ‘ಫಿಲ್ಮ್ ಫಾರ್ಮ್ಯಾಟ್ ಬೇಸಿಸ್’ಗೆ ಬದಲಿಸಿ. ಕ್ಲಾಸಿಕ್ ಕ್ರೋಮ್, ಆ್ಯಕ್ರೋಸ್‌ನಂಥ ಹಳೆಯ ಫಿಲ್ಮ್‌ಗಳ ಛಾಯೆ ಅನುಕರಿಸುವ ಫಿಲ್ಮ್ ಸಿಮ್ಯುಲೇಷನ್‌ಗಳಿಂದ ಕ್ಯಾಮೆರಾದಿಂದ ನೇರ ಬರುವ ಜೆಪೆಗ್ ಅಷ್ಟು ಚೆಂದ ಇರುತ್ತದೆ. ಎಷ್ಟೋ ಸಲ ರಾ ಮುಟ್ಟುವ ಅಗತ್ಯವೇ ಬೀಳುವುದಿಲ್ಲ. ಬಿರುಬಿಸಿಲಿನಲ್ಲಿ ಡೈನಾಮಿಕ್ ರೇಂಜ್ ಆಯ್ಕೆ ಡಿಆರ್400 ಹಾಕಿದರೆ ಬಿಳಿ ಭಾಗ ಸುಟ್ಟುಹೋಗುವುದಿಲ್ಲ, ಆದರೆ ಐಎಸ್‌ಒ ಕನಿಷ್ಠ 500 ಇರಬೇಕು. ಕ್ಯಾಮೆರಾ ಎರಡು ಸ್ಟಾಪ್ (ಕಾಲು ಭಾಗಕ್ಕಿಳಿಸಿ) ಕಡಿಮೆ ಬೆಳಕಿನಲ್ಲಿ ತೆಗೆದು ನೆರಳನ್ನು ಆಮೇಲೆ ಎತ್ತುವುದರಿಂದ ಹೀಗೆ. ಐಎಸ್‌ಒ ಡಯಲ್ 125ಕ್ಕೆ ನಿಂತಿದ್ದರೆ ಡಿಆರ್400 ಕೆಲಸ ಮಾಡುವುದಿಲ್ಲ.

ಮದುವೆ, ಸಮಾರಂಭಗಳಿಗೆ ಉತ್ತರ ಅಷ್ಟು ಸರಳವಲ್ಲ. ಓಡಾಡುವ ಜನರ ಕಣ್ಣಿನ ಮೇಲೆ ಸೋನಿಯ ಹಿಡಿತ ಗಟ್ಟಿ. ಆದರೆ ಅದಕ್ಕಿರುವುದು ಒಂದೇ ಕಾರ್ಡ್ ಸ್ಲಾಟ್. ಕಾರ್ಡ್ ಕೆಟ್ಟರೆ ತಾಳಿ ಕಟ್ಟಿದ ಕ್ಷಣವನ್ನು ಮತ್ತೆ ತರಲಾಗುವುದಿಲ್ಲ. ಎಕ್ಸ್-ಟಿ5ರಲ್ಲಿ ಎರಡು ಸ್ಲಾಟ್ ಇವೆ, ಎರಡಕ್ಕೂ ಒಟ್ಟಿಗೆ ಬರೆಯಬಹುದು. ಫ್ಲ್ಯಾಶ್ ಸಿಂಕ್ (ಫ್ಲ್ಯಾಶ್ ಜೊತೆ ಬಳಸಬಹುದಾದ ಗರಿಷ್ಠ ಶಟರ್ ವೇಗ) ಅದರಲ್ಲಿ 1/250, ಸೋನಿಯಲ್ಲಿ 1/160. ಹಗಲಿನಲ್ಲಿ ಫ್ಲ್ಯಾಶ್ ಬಳಸುವವರಿಗೆ ಇದೂ ಮುಖ್ಯ. ದುಡ್ಡು ತೆಗೆದುಕೊಂಡು ಬೇರೆಯವರ ಸಮಾರಂಭ ತೆಗೆಯುವುದಾದರೆ ಒಂದೇ ಕಾರ್ಡಿನ ಕ್ಯಾಮೆರಾವನ್ನು ಒಂಟಿಯಾಗಿ ನಂಬುವುದು ತಪ್ಪು. ಎಲ್‌ಇಡಿ ದೀಪಗಳ ಕೆಳಗೆ ಎರಡರಲ್ಲೂ ಮೆಕ್ಯಾನಿಕಲ್ ಶಟರ್ ಬಿಟ್ಟು ಕದಲಬೇಡಿ, ಇಲ್ಲದಿದ್ದರೆ ಮುಖಗಳ ಮೇಲೆ ಪಟ್ಟೆ ಬೀಳುತ್ತದೆ.

ವಿಡಿಯೋಗೆ ಎ6700, ಎರಡು ಮಾತಿಲ್ಲ. 4ಕೆಯಲ್ಲಿ ಸೆಕೆಂಡಿಗೆ 60 ಚೌಕಟ್ಟಿನವರೆಗೆ (4ಕೆ 60) 6ಕೆಯಿಂದ ಇಳಿಸಿದ ಗರಿಗರಿ ಚಿತ್ರ, ತನ್ನನ್ನೇ ನೋಡಿಕೊಳ್ಳಲು ಮುಂದಕ್ಕೆ ತಿರುಗುವ ಪರದೆ, ಹೆಡ್‌ಫೋನ್ ಜ್ಯಾಕ್. ಎಕ್ಸ್-ಟಿ5ರಲ್ಲಿ ಹೆಡ್‌ಫೋನ್‌ಗೆ ಯುಎಸ್‌ಬಿ-ಸಿ ಅಡಾಪ್ಟರ್ ಬೇಕು, ಹೆಚ್ಚಿನ ಗುಣಮಟ್ಟದ 4ಕೆ ಎಚ್‌ಕ್ಯೂಗೆ 1.23 ಪಟ್ಟು ಕ್ರಾಪ್. ಸೋನಿಯಲ್ಲೂ 4ಕೆ 120ಕ್ಕೆ ಹೋದರೆ 1.58 ಪಟ್ಟು ಕ್ರಾಪ್ ಇದೆ, ಅಗಲ ಲೆನ್ಸ್ ಜೊತೆಗಿರಲಿ. ಬಿಸಿಲಿನಲ್ಲಿ ಉದ್ದನೆಯ ರೆಕಾರ್ಡಿಂಗ್‌ಗೆ ಮೊದಲು ‘ಆಟೊ ಪವರ್ ಆಫ್ ಟೆಂಪ್’ ಅನ್ನು ‘ಹೈ’ಗೆ ಇಟ್ಟು, ಪರದೆಯನ್ನು ಬೆನ್ನಿನಿಂದ ಹೊರಗೆ ತೆರೆದಿಡಿ, ಶಾಖ ಹೊರಹೋಗಲು ದಾರಿಯಾಗುತ್ತದೆ. ಕಾರ್ಡ್ ಆರಿಸುವಾಗ ದುಬಾರಿಯದ್ದೇ ಬೇಕೆಂದಿಲ್ಲ. ಸೋನಿಯ ಎಕ್ಸ್‌ಎವಿಸಿ ಎಸ್ ವಿಡಿಯೋ ಮಾದರಿಯಲ್ಲಿ 4ಕೆ 60, 10 ಬಿಟ್ ವಿಡಿಯೋ ಸೆಕೆಂಡಿಗೆ 200 ಮೆಗಾಬಿಟ್, ಅಂದರೆ 25 ಮೆಗಾಬೈಟ್. ಸೆಕೆಂಡಿಗೆ ಕನಿಷ್ಠ 30 ಮೆಗಾಬೈಟ್ ಬರೆಯುವ ವಿ30 ಕಾರ್ಡ್ ತಡೆದುಕೊಳ್ಳುತ್ತದೆ. 600 ಮೆಗಾಬಿಟ್‌ನ ಆಲ್-ಇಂಟ್ರಾ (ಪ್ರತಿ ಚೌಕಟ್ಟನ್ನೂ ಬೇರೆಬೇರೆಯಾಗಿ ಉಳಿಸುವ ಮಾದರಿ) ಆರಿಸಿದಾಗ ಮಾತ್ರ ವಿ90 ಬೇಕಾಗುತ್ತದೆ.