ವಾಲಗವೋ, ಬ್ರಾಸ್ ಬ್ಯಾಂಡೋ, ಢೋಲ್-ತಾಶಾವೋ?

ಪುಣೆಯಲ್ಲಿ ಮಗಳ ಮದುವೆಗೆ ಯಾವುದನ್ನು ಕರೆಸಲಿ ಎಂದು ಕೇಳಿದ್ದೀರಿ. ಮೊದಲು ಜಾಗ ನೋಡಿ. ಹಾಲ್ ಒಳಗೆ ಢೋಲ್-ತಾಶಾ ಬೇಡವೇ ಬೇಡ, ಪುರೋಹಿತರ ಮಂತ್ರ ಅವರಿಗೇ ಕೇಳಿಸದು. ಅದು ಬೀದಿಯ ವಾದ್ಯ. ಸೊಂಟಕ್ಕೆ ಕಟ್ಟಿದ ಢೋಲುಗಳ ಜೊತೆಗೆ ತಾಶಾ ಎಂಬ ಚಿಕ್ಕ ಚರ್ಮವಾದ್ಯದ ಮೇಲೆ ತೆಳು ಕಡ್ಡಿಗಳು ಚಟಪಟ ಎಂದರೆ ಅಜ್ಜಿಯರ ಕಾಲೂ ಸುಮ್ನಿರಲ್ಲ.

ಮುಹೂರ್ತಕ್ಕೆ ವಾಲಗವೇ ಸರಿ. ಗಟ್ಟಿಮೇಳ ಇಲ್ಲದೆ ತಾಳಿ ಕಟ್ಟಿದರೆ ನಮ್ಮವರಿಗೆ ಮದುವೆ ಆಯಿತು ಅನ್ನಿಸಲ್ಲ, ಅಲ್ವಾ?

ಖರ್ಚು ತಲೆಯ ಲೆಕ್ಕದಲ್ಲಿ ಏರುತ್ತದೆ. ನಾಗಸ್ವರ, ಡೋಲು, ಶ್ರುತಿಗೆ ನಾಲ್ಕೈದು ಜನ ಸಾಕು. ಆದರೆ ಊರಿಂದ ಕರೆಸಿದರೆ ಬಸ್ ಚಾರ್ಜು, ರೂಮು ನಿಮ್ಮದೇ. ಟ್ರಂಪೆಟ್, ಕ್ಲಾರಿನೆಟ್, ಡ್ರಮ್ ಎಂದು ಬ್ಯಾಂಡಿಗೆ ಜನ ಜಾಸ್ತಿ. ಬೀಗರಿಗೆ ಸಿನಿಮಾ ಹಾಡಿಗೇ ಕುಣಿಯಬೇಕಿದ್ದರೆ ಅದೇ ಲೇಸು.

ರಾತ್ರಿ ಮೆರವಣಿಗೆಯಾದರೆ ಯಾವುದೇ ಇರಲಿ, 10ರೊಳಗೆ ಮುಗಿಸಿ.