ಹೃದಯದ ಪಾಠ ಗಟ್ಟಿ, ನರದ ಪಾಠ ಜೊಳ್ಳು: ಒಂದು ತಂತ್ರಜ್ಞ ತರಬೇತಿಯ ವಿಮರ್ಶೆ

ಇಸಿಜಿ (ಹೃದಯದ ವಿದ್ಯುತ್ ದಾಖಲೆ), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ), ಹೋಲ್ಟರ್ (ದಿನವಿಡೀ ಮೈಮೇಲಿಟ್ಟು ತೆಗೆಯುವ ಇಸಿಜಿ) ಇವುಗಳ ಜೊತೆಗೆ ಇಇಜಿ (ಮೆದುಳಿನ ವಿದ್ಯುತ್ ದಾಖಲೆ) ಮತ್ತು ನರವಾಹಕತೆಯ (ನರದಲ್ಲಿ ಸಂಕೇತ ಸಾಗುವ ವೇಗದ) ಪರೀಕ್ಷೆಗಳನ್ನೂ ಒಂದೇ ಪಠ್ಯಕ್ರಮದಲ್ಲಿ ಕಲಿಸಿ, ಹೃದ್ರೋಗ ಮತ್ತು ನರರೋಗ ಎರಡೂ ವಿಭಾಗಗಳಲ್ಲಿ ತಂತ್ರಜ್ಞರಾಗಲು ಅಣಿಗೊಳಿಸುವುದಾಗಿ ಹೇಳಿಕೊಳ್ಳುವ ತರಬೇತಿಯೊಂದನ್ನು ಈಚೆಗೆ ಪೂರ್ಣಗೊಳಿಸಿದೆ. ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥ ಜೋಡಿ ತರಬೇತಿಗಳು ಹಲವು ಇರುವುದರಿಂದ, ಸೇರುವ ಮುನ್ನ ಏನನ್ನು ವಿಚಾರಿಸಬೇಕು ಎಂಬುದು ಹೆಸರಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ನಾನು ಮೊದಲಿನಿಂದಲೂ ಇಸಿಜಿ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದವಳು. ನರಪರೀಕ್ಷೆಗಳನ್ನೂ ಕಲಿಯುವ ಉದ್ದೇಶದಿಂದ ಸೇರಿದೆ. ಹಾಗಾಗಿ ಪಠ್ಯದ ಮೊದಲರ್ಧವನ್ನು ಪಳಗಿದವಳ ಕಣ್ಣಿನಿಂದಲೂ ಉಳಿದರ್ಧವನ್ನು ಹೊಸಬಳ ಕಣ್ಣಿನಿಂದಲೂ ನೋಡಿದ್ದೇನೆ.

ಹೃದಯದ ಭಾಗವನ್ನು ಮನಸಾರೆ ಮೆಚ್ಚಬೇಕು. ಮೈಗೆ ಅಂಟಿಸುವ 10 ಎಲೆಕ್ಟ್ರೋಡ್‌ಗಳಿಂದ 12 ಲೀಡ್‌ಗಳು (ಹೃದಯವನ್ನು ಬೇರೆ ಬೇರೆ ಕೋನದಿಂದ ತೋರಿಸುವ ದಾಖಲೆಗಳು) ಹೇಗೆ ಹುಟ್ಟುತ್ತವೆ ಎಂಬುದನ್ನು ಹಲಗೆಯ ಮೇಲೆ ಬಿಡಿಸಿ ತೋರಿಸಿದ ಶಿಕ್ಷಕಿಯು ಅಲ್ಲಿಗೇ ನಿಲ್ಲದೆ, ಪ್ರತಿಯೊಬ್ಬರ ಕೈಯಲ್ಲೂ ಎದೆಗೂಡನ್ನು ತಡವಿಸಿದರು. ಎದೆಮೂಳೆಯ ಮೇಲ್ಭಾಗದಲ್ಲಿ ಬೆರಳಿಗೆ ಸಿಗುವ ಉಬ್ಬನ್ನು ಗುರುತಿಸಿ, ಅದರ ಪಕ್ಕಕ್ಕೆ ಬಂದು ಸೇರುವ ಎರಡನೆಯ ಪಕ್ಕೆಲುಬನ್ನು ಹಿಡಿದು, ಅಲ್ಲಿಂದ ಎಣಿಸುತ್ತ ಪಕ್ಕೆಲುಬುಗಳ ನಡುವಿನ ನಾಲ್ಕನೆಯ ಸಂದಿಗೆ ಇಳಿದ ಮೇಲೆಯೇ ಎದೆಯ ಎಲೆಕ್ಟ್ರೋಡ್‌ಗಳಾದ ವಿ1 ಮತ್ತು ವಿ2 ಅಂಟಿಸಬೇಕು. ವಿ4ರ ಜಾಗ ಸಿಕ್ಕ ನಂತರವೇ ವಿ3. ವಿ5 ಮತ್ತು ವಿ6 ಎರಡೂ ವಿ4ರ ಮಟ್ಟದಲ್ಲೇ ಅಡ್ಡವಾಗಿ ಸಾಗಬೇಕು. ಕೆಲಸದ ಒತ್ತಡದಲ್ಲಿ ಬಹಳ ಮಂದಿ ಕಣ್ಣಂದಾಜಿನಲ್ಲಿ ಅಂಟಿಸಿಬಿಡುತ್ತಾರೆ, ಅದೂ ಸಾಮಾನ್ಯವಾಗಿ ಒಂದೆರಡು ಸಂದಿಗಳಷ್ಟು ಮೇಲೆ. ಅದರ ಪರಿಣಾಮವೇನೆಂದು ತೋರಿಸಲು ಒಬ್ಬ ಸಹಪಾಠಿಯ ಇಸಿಜಿಯನ್ನು ಎರಡೂ ರೀತಿಯಲ್ಲಿ ತೆಗೆದು ಪಕ್ಕಪಕ್ಕದಲ್ಲಿಟ್ಟರು. ಮೇಲೆ ಅಂಟಿಸಿದ್ದ ಕಾಗದದಲ್ಲಿ ಎದೆಯ ಮೊದಲ ಲೀಡ್‌ಗಳ ಆರ್ ಅಲೆ (ಮೇಲಕ್ಕೇಳುವ ಚೂಪು ಗೆರೆ) ಕುಗ್ಗಿತ್ತು. ಆರೋಗ್ಯವಂತ ವ್ಯಕ್ತಿಗೆ ಹಿಂದೆಂದೋ ಹೃದಯಾಘಾತವಾಗಿತ್ತೇ ಎಂಬ ಸಂಶಯ ಹುಟ್ಟಿಸಲು ಅಷ್ಟು ಸಾಕು.

ಎಡಗೈ ಬಲಗೈ ವೈರುಗಳು ಅದಲುಬದಲಾದಾಗ ಲೀಡ್ 1 ತಲೆಕೆಳಗಾಗುವುದು, ಎದೆಯ ಲೀಡ್‌ಗಳು ಮಾತ್ರ ಸರಿಯಾಗಿಯೇ ಇರುವುದು, ಇದನ್ನು ಹೃದಯ ಬಲಕ್ಕಿರುವ ಅಪರೂಪದ ಸ್ಥಿತಿಯಿಂದ ಬೇರ್ಪಡಿಸುವ ಬಗೆ, ಇವನ್ನೆಲ್ಲ ಇದೇ ಕ್ರಮದಲ್ಲಿ ಕಲಿಸಿದರು. ಸೆಕೆಂಡಿಗೆ 25 ಮಿಲಿಮೀಟರ್ ಓಡಬೇಕಾದ ಕಾಗದ 50ಕ್ಕೆ ಹೊಂದಿಸಿದ ಯಂತ್ರದಲ್ಲಿ ಓಡಿದರೆ, ಚೌಕ ಎಣಿಸುವವರಿಗೆ ನಾಡಿಯ ವೇಗ ಅರ್ಧಕ್ಕಿಳಿದಂತೆ ಕಾಣುತ್ತದೆ. ಅಂಥ ಒಂದು ಕಾಗದವನ್ನು ಸುಮ್ಮನೆ ಕೈಗಿತ್ತು, ಮೂಲೆಯಲ್ಲಿ ಮುದ್ರಿತವಾದ ವೇಗವನ್ನು ಯಾರು ಓದುತ್ತಾರೆಂದು ಕಾದು ನೋಡಿದರು. ಮಹಿಳಾ ರೋಗಿಗಳ ಎದೆಯನ್ನು ಎಷ್ಟು ಹೊತ್ತು, ಎಷ್ಟರಮಟ್ಟಿಗೆ ತೆರೆಯಬೇಕು, ಹೊದಿಕೆಯನ್ನು ಯಾವಾಗ ಮರಳಿ ಎಳೆಯಬೇಕು ಎಂಬುದಕ್ಕೂ ಒಂದು ಪೂರ್ಣ ತರಗತಿಯಿತ್ತು. ಯಂತ್ರ ತಯಾರಕರ ಕೈಪಿಡಿಗಳಲ್ಲಿ ಇದು ಸಿಗುವುದಿಲ್ಲ.

ಟಿಎಂಟಿ ಪಾಠವೂ ಚೆನ್ನಾಗಿತ್ತು. ಬ್ರೂಸ್ ವಿಧಾನದಲ್ಲಿ 3 ನಿಮಿಷಕ್ಕೊಮ್ಮೆ ವೇಗವೂ ಏರೂ ಹೆಚ್ಚುತ್ತವೆ ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ತಂತ್ರಜ್ಞರು ನೋಡಬೇಕಾದದ್ದು ರೋಗಿಯ ಮುಖವನ್ನು, ರಕ್ತದೊತ್ತಡವನ್ನು, ಪರದೆಯ ಮೇಲಿನ ಎಸ್‌ಟಿ ಭಾಗವನ್ನು (ಹೃದಯಕ್ಕೆ ರಕ್ತ ಸಾಲದಿರುವುದರ ಸುಳಿವು ಕೊಡುವ ಇಸಿಜಿಯ ತುಣುಕು). ನಾಡಿಯ ವೇಗವನ್ನು 220ರಿಂದ ವಯಸ್ಸನ್ನು ಕಳೆದು ಬಂದದ್ದರ ಶೇಕಡಾ 85ಕ್ಕೆ ಮುಟ್ಟಿಸುವುದೇ ಪರೀಕ್ಷೆಯ ಗುರಿಯಲ್ಲವೆಂದು ಶಿಕ್ಷಕಿ ಒತ್ತಿ ಹೇಳಿದರು. ಹೋಲ್ಟರ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ, ತಕ್ಕಮಟ್ಟಿಗೆ ಕಲಿಸಿದರು. ಎಕೋ (ಹೃದಯದ ಅಲ್ಟ್ರಾಸೌಂಡ್) ಪರೀಕ್ಷೆಯನ್ನು ಮಾತ್ರ ಕೆಲವು ವಿಡಿಯೋಗಳಲ್ಲಿ ಮುಗಿಸಿ, ಜಾಹೀರಾತಿನಲ್ಲಿ ಅದನ್ನೂ ಕಲಿಸುವ ಕೌಶಲಗಳ ಸಾಲಿಗೆ ಸೇರಿಸಿರುವುದು ಸರಿಯಲ್ಲ. ಪ್ರೋಬ್ ಹಿಡಿದು ಹೃದಯದ ಕೋಣೆಗಳನ್ನು ಪರದೆಗೆ ತರುವುದು ಬೇರೆಯೇ ದೀರ್ಘ ಅಭ್ಯಾಸವನ್ನು ಬೇಡುವ ಕೆಲಸ.

ನರದ ಭಾಗಕ್ಕೆ ಬಂದಾಗ ಅದೇ ಸಂಸ್ಥೆ ಬೇರೆ ಯಾರದೋ ಕೈಗೆ ಹೋದಂತೆ ಕಂಡಿತು. ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮೆದುಳಿನ ವಿದ್ಯುತ್ತನ್ನು ದಾಖಲಿಸಿದ್ದರಿಂದ ಹಿಡಿದು ಇತಿಹಾಸವನ್ನು ಧಾರಾಳವಾಗಿ ಹೇಳಿದರು; ಆದರೆ ತಲೆಯನ್ನು ಅಳೆಯುವುದನ್ನು ಕೈಹಿಡಿದು ಕಲಿಸಲಿಲ್ಲ. ಇಇಜಿಯಲ್ಲಿ ಎಲೆಕ್ಟ್ರೋಡ್‌ಗಳ ಜಾಗ ಗೊತ್ತುಮಾಡುವ 10-20 ಪದ್ಧತಿಯ ಜೀವಾಳವೇ ಅಳತೆ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದಾಗ 36 ಸೆಂಟಿಮೀಟರ್ ಬಂದರೆ, ಮೊದಲ ಗುರುತು ಶೇಕಡಾ 10ರ ದೂರದಲ್ಲಿ, ಅಂದರೆ 3.6 ಸೆಂಟಿಮೀಟರಿಗೆ, ಅಲ್ಲಿಂದ ಮುಂದಿನವು ಶೇಕಡಾ 20ರಂತೆ 7.2 ಸೆಂಟಿಮೀಟರಿಗೊಂದು. ಹೀಗೆಯೇ ಕಿವಿಯಿಂದ ಕಿವಿಗೆ, ನಂತರ ತಲೆಯ ಸುತ್ತ ಅಳೆದು, ಮೇಣದ ಪೆನ್ಸಿಲಿನಿಂದ ಗುರುತು ಹಾಕಿ, ಕೂದಲನ್ನು ಬೈತಲೆಯಂತೆ ಸರಿಸಿ, ಚರ್ಮವನ್ನು ಜೆಲ್‌ನಿಂದ ಉಜ್ಜಿ, ಪೇಸ್ಟ್ ತುಂಬಿದ ಬಟ್ಟಲಿನಾಕಾರದ ಎಲೆಕ್ಟ್ರೋಡ್‌ಗಳನ್ನು ಒಂದೊಂದಾಗಿ ಕೂರಿಸಬೇಕು. ನಮಗೆ ಮಾತ್ರ ಪ್ಲಾಸ್ಟಿಕ್ ತಲೆಯ ಮೇಲೆ ಎಲೆಕ್ಟ್ರೋಡ್ ಟೋಪಿ ತೊಡಿಸಿ ತೋರಿಸಿದರು. ಪ್ಲಾಸ್ಟಿಕ್ ತಲೆಗೆ ದಟ್ಟ ಕೂದಲಿಲ್ಲ, ಎಣ್ಣೆಯಿಲ್ಲ, ಬೆವರಿಲ್ಲ; ಚರ್ಮದ ಪ್ರತಿರೋಧವನ್ನು 5 ಕಿಲೋಓಮ್‌ಗಿಂತ ಕೆಳಕ್ಕೆ ತರುವ ತಾಳ್ಮೆಯನ್ನು ಅದರ ಮೇಲೆ ಕಲಿಯಲಾಗದು.

ಕಣ್ಣು ಮಿಟುಕಿದಾಗ ಹಣೆಯ ಎಲೆಕ್ಟ್ರೋಡ್‌ಗಳಲ್ಲಿ ಏಳುವ ದೊಡ್ಡ ಅಲೆ, ದವಡೆ ಬಿಗಿದಾಗ ಕಾಣುವ ಒತ್ತಾದ ಗೀರುಗಳು, ಬೆವರಿನಿಂದ ನಿಧಾನವಾಗಿ ತೇಲುವ ರೇಖೆ, ಇವೆಲ್ಲ ಸ್ಲೈಡುಗಳಲ್ಲಿದ್ದವು. ಆದರೆ ಅವು ಕಂಡೊಡನೆ ತಂತ್ರಜ್ಞರು ಏನು ಮಾಡಬೇಕು, ದಾಖಲೆಯ ಮೇಲೆ ಏನು ಬರೆದಿಡಬೇಕು ಎಂಬ ಅಭ್ಯಾಸವಿರಲಿಲ್ಲ. ಇನ್ನೂ ಆತಂಕದ ಸಂಗತಿಯೆಂದರೆ, ಇಇಜಿಯ ವೇಳೆ ರೋಗಿಗೆ 3 ನಿಮಿಷ ಜೋರಾಗಿ ಉಸಿರಾಡಲು ಹೇಳುವ ಹಂತವನ್ನು ವಿವರಿಸಿದ ಶಿಕ್ಷಕರು, ಈಚೆಗೆ ಪಾರ್ಶ್ವವಾಯು ಅಥವಾ ಹೃದಯಾಘಾತವಾದವರಿಗೆ, ತೀವ್ರ ಶ್ವಾಸಕೋಶದ ಕಾಯಿಲೆ ಅಥವಾ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇರುವವರಿಗೆ ಇದನ್ನು ಮಾಡಿಸಬಾರದೆಂಬುದನ್ನು ಒಂದೇ ಸಾಲಿನಲ್ಲಿ ದಾಟಿಸಿಬಿಟ್ಟರು. ಟಿಎಂಟಿಗೆ ಕೊಟ್ಟ ಎಚ್ಚರಿಕೆಯ ಕಾಲು ಭಾಗವನ್ನಾದರೂ ಇಲ್ಲಿ ಕೊಡಬೇಕಿತ್ತು.

ನರವಾಹಕತೆಯ ಪಾಠದಲ್ಲಿ ಲೆಕ್ಕ ಸರಿಯಾಗಿತ್ತು. ಮೊಣಕೈ ಬಳಿ ಒಮ್ಮೆ, ಮಣಿಕಟ್ಟಿನ ಬಳಿ ಒಮ್ಮೆ ನರವನ್ನು ಪ್ರಚೋದಿಸಿ, ಎರಡು ಜಾಗಗಳ ನಡುವಿನ ದೂರವನ್ನು ಪ್ರತಿಕ್ರಿಯೆಯ ಸಮಯದ ವ್ಯತ್ಯಾಸದಿಂದ ಭಾಗಿಸಿದರೆ ವೇಗ ಸಿಗುತ್ತದೆ: 220 ಮಿಲಿಮೀಟರ್, 4 ಮಿಲಿಸೆಕೆಂಡ್, ಸೆಕೆಂಡಿಗೆ 55 ಮೀಟರ್. ಟೇಪನ್ನು ಸರಿಯಾಗಿ ಹಿಡಿಯದೆ 20 ಮಿಲಿಮೀಟರ್ ಕಡಿಮೆ ಓದಿದರೆ ಅದೇ ಆರೋಗ್ಯವಂತ ನರ 50ಕ್ಕೆ ಇಳಿಯುತ್ತದೆ. ಇಷ್ಟನ್ನು ಹೇಳಿದವರು ಕೈಯ ಉಷ್ಣತೆಯನ್ನು ಮರೆತರು. ಕೈ ತಣ್ಣಗಾದಂತೆ ಪ್ರತಿ ಡಿಗ್ರಿಗೆ ಸೆಕೆಂಡಿಗೆ ಸುಮಾರು 2 ಮೀಟರಿನಂತೆ ವೇಗ ಕುಸಿಯುವುದರಿಂದ, ಕೈಯ ಚರ್ಮ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಿದ್ದರೆ ಮೊದಲು ಬೆಚ್ಚಗೆ ಮಾಡಿಕೊಂಡು ಪರೀಕ್ಷಿಸಬೇಕು. ಪ್ರಯೋಗಾಲಯದಲ್ಲಿ ಚರ್ಮದ ಉಷ್ಣಮಾಪಕ ಇತ್ತು, ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ. ಸೂಜಿ ಚುಚ್ಚಿ ಮಾಡುವ ಇಎಂಜಿ (ಸ್ನಾಯುವಿನ ವಿದ್ಯುತ್ ಪರೀಕ್ಷೆ) ಸಾಮಾನ್ಯವಾಗಿ ವೈದ್ಯರೇ ಮಾಡುವ ಪರೀಕ್ಷೆಯೆಂಬುದನ್ನೂ ಪ್ರವೇಶದ ಹೊತ್ತಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಉದ್ಯೋಗ ಮಾರ್ಗದರ್ಶನದ ತರಗತಿಗಳಲ್ಲಿ ಹುರುಪು ಹೆಚ್ಚು, ಹುರುಳು ಕಡಿಮೆ. ತಂತ್ರಜ್ಞರು ದಾಖಲೆ ತೆಗೆಯುತ್ತಾರೆ, ರೋಗನಿರ್ಣಯದ ವರದಿಗೆ ಸಹಿ ಹಾಕುವವರು ವೈದ್ಯರು. ಆದರೂ ಇಸಿಜಿ ಪರದೆಯಲ್ಲಿ ಅಪಾಯದ ಲಯ ಕಂಡಾಗ ವರದಿಗೆ ಕಾಯದೆ ವೈದ್ಯರನ್ನು ಕರೆಯುವ ಹೊಣೆ ತಂತ್ರಜ್ಞರದೇ. ಈ ಗಡಿಯನ್ನು ಯಾರೂ ವಿವರಿಸಲಿಲ್ಲ. ಮಲಗಿರುವ ರೋಗಿಯನ್ನು ಹೊರಳಿಸುವುದು, ಹೆದರಿದ ಮಗುವನ್ನು ಒಲಿಸುವುದು, ದೀರ್ಘಾವಧಿಯ ವಿಡಿಯೋ ಇಇಜಿಗಾಗಿ ರಾತ್ರಿ ಪಾಳಿ ಮಾಡುವುದು, ಇವೆಲ್ಲ ಕೆಲಸದ ಭಾಗವೆಂಬ ಸುಳಿವೂ ಇರಲಿಲ್ಲ. ಶಸ್ತ್ರಚಿಕಿತ್ಸೆಯ ವೇಳೆ ನರಗಳ ಮೇಲೆ ನಿಗಾ ಇಡುವ ಕೆಲಸವನ್ನು ಆಕರ್ಷಕವಾಗಿ ಬಣ್ಣಿಸಿದರು. ಅದಕ್ಕೆ ಮುಂದಿನ ಹಂತದ ತರಬೇತಿ ಬೇಕೆಂಬುದನ್ನು ಪ್ರಶ್ನೆ ಕೇಳಿದ ಮೇಲೆ ಒಪ್ಪಿಕೊಂಡರು.

ಹೃದಯ ಪರೀಕ್ಷೆಗಳತ್ತ ಮಾತ್ರ ಒಲವಿರುವವರು ಈ ತರಬೇತಿಗೆ ಧೈರ್ಯವಾಗಿ ಸೇರಬಹುದು. ನರಪರೀಕ್ಷೆಗಾಗಿ ಸೇರುವವರು, ಜೀವಂತ ತಲೆಯ ಮೇಲೆ ತಮ್ಮ ಕೈಯಾರೆ ಎಷ್ಟು ಇಇಜಿ ಮಾಡಿಸುತ್ತಾರೆ ಎಂಬುದನ್ನು ಲಿಖಿತವಾಗಿ ಕೇಳಿ ಪಡೆಯಬೇಕು. ನಮ್ಮ ಪ್ರಮಾಣಪತ್ರದಲ್ಲಿ ತರಗತಿಯ ಗಂಟೆಗಳ ಸಂಖ್ಯೆ ಇದೆ, ತೆಗೆದ ದಾಖಲೆಗಳ ಸಂಖ್ಯೆ ಇಲ್ಲ. ಆಸ್ಪತ್ರೆಯವರು ಕೇಳುವುದು ಎರಡನೆಯದನ್ನು. ಪ್ರತಿ ದಾಖಲೆಗೂ ಮೇಲ್ವಿಚಾರಕರ ಸಹಿಯಿರುವ ದಿನಚರಿ ಪುಸ್ತಕವನ್ನು ಮುಂದಿನ ತಂಡದಿಂದ ಆರಂಭಿಸುವುದಾಗಿ ಕಚೇರಿಯವರು ಹೇಳಿದ್ದಾರೆ. ಹೊಸದಾಗಿ ಮುದ್ರಿಸಿರುವ ಪಠ್ಯಸೂಚಿಯಲ್ಲಿ ಅದು ಇನ್ನೂ ಸೇರಿಲ್ಲ.