ಮಾರ್ನರ್ ಹೋದ ಮೇಲೆ ಉಳಿದ ಜೆರ್ಸಿ: ಚಿಕ್ಕಪೇಟೆಯ ಒಂದು ಹೊಲಿಗೆ ಅಂಗಡಿಯ ಕೆಲಸ

ಚಿಕ್ಕಪೇಟೆ ಮೆಟ್ರೊ ನಿಲ್ದಾಣದಿಂದ ಅವೆನ್ಯೂ ರಸ್ತೆಯ ಕಡೆಗೆ ಹೋಗುವ ಗಲ್ಲಿಯೊಂದರಲ್ಲಿ, ಸೀರೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಶಾಲೆಗಳ ಬ್ಯಾಡ್ಜು, ಕಂಪನಿಗಳ ಟೀ ಶರ್ಟು ಮತ್ತು ಬಡಾವಣೆಯ ಕ್ರಿಕೆಟ್ ತಂಡಗಳ ಜೆರ್ಸಿಗೆ ಹೆಸರು ಹೊಲಿದುಕೊಡುವ ಸಣ್ಣ ಅಂಗಡಿಯೊಂದಿದೆ. ಮುಂದೆ ಒಂದೆರಡು ದೂರುಗಳೂ ಬರುವುದರಿಂದ ಅದರ ಹೆಸರನ್ನು ಬರೆಯುವುದಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ನಾನು ಅಲ್ಲಿಗೆ ಒಯ್ದದ್ದು ಟೊರಾಂಟೊ ಮೇಪಲ್ ಲೀಫ್ಸ್ ಐಸ್ ಹಾಕಿ ತಂಡದ ನೀಲಿ ಜೆರ್ಸಿ. ಬೆನ್ನಿನ ಮೇಲೆ ಮಾರ್ನರ್ ಎಂಬ ಹೆಸರು, ಕೆಳಗೆ 16. ಆ ಜೆರ್ಸಿಗೆ ಒದಗಿದ ಗತಿಯನ್ನು ಹೇಳದೆ ಅಂಗಡಿಯ ಕೆಲಸವನ್ನು ತೂಗಲು ಬರುವುದಿಲ್ಲ.

ಬೆಂಗಳೂರಿನಲ್ಲಿ ಹಾಕಿ ಎಂದರೆ ಶಾಂತಿನಗರದ ಬಳಿಯ ಕ್ರೀಡಾಂಗಣ ಮತ್ತು ಕೊಡಗಿನಿಂದ ಬಂದ ಆಟಗಾರರು ನೆನಪಾಗುತ್ತಾರೆ. ನಾನೂ ಆ ಹಾಕಿಯನ್ನೇ ನೋಡಿ ಬೆಳೆದವನು. ಉದ್ಯೋಗದ ನಿಮಿತ್ತ ಟೊರಾಂಟೊದಲ್ಲಿ ಮೂರು ಚಳಿಗಾಲ ಕಳೆದಾಗ ಮಂಜುಗಡ್ಡೆಯ ಮೇಲಿನ ಆಟ ಅಂಟಿಕೊಂಡಿತು. ಊರಿಗೆ ಮರಳಿದ ಮೇಲೂ ಬಿಡಲಿಲ್ಲ. ಅಲ್ಲಿನ ಸಂಜೆ ಏಳರ ಪಂದ್ಯ ನಮಗೆ ಬೆಳಗಿನ 4:30 ಅಥವಾ ಚಳಿಗಾಲದಲ್ಲಿ 5:30 ಆಗುವುದರಿಂದ, ನನ್ನ ತಂಡದ ಸೋಲುಗಳಿಗೆ ಸಾಕ್ಷಿಯಾಗಿ ಇರುತ್ತಿದ್ದವರು ಹಾಲಿನವನು ಮತ್ತು ಪೇಪರ್ ಹಾಕುವ ಹುಡುಗ ಮಾತ್ರ.

ಮಿಚ್ ಮಾರ್ನರ್ ಟೊರಾಂಟೊ ಪಕ್ಕದ ಮಾರ್ಕಮ್‌ನಲ್ಲಿ ಹುಟ್ಟಿದವನು. ತಂಡಗಳು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ, 2015ರಲ್ಲಿ, ನಾಲ್ಕನೆಯವನಾಗಿ ತಂಡಕ್ಕೆ ಬಂದು, ಒಂಬತ್ತು ಋತುಗಳಲ್ಲಿ 657 ಪಂದ್ಯಗಳನ್ನಾಡಿ, ಗೋಲು ಹಾಗೂ ನೆರವುಗಳೆರಡೂ ಸೇರಿ 741 ಅಂಕ ಗಳಿಸಿದ. ಆದರೆ ಆ ಒಂಬತ್ತು ವರ್ಷಗಳಲ್ಲಿ ತಂಡ ಗೆದ್ದ ಪ್ಲೇಆಫ್ ಸರಣಿಗಳು ಎರಡೇ ಎರಡು, ಮತ್ತು 1967ರ ನಂತರ ಲೀಗಿನ ಚಾಂಪಿಯನ್ ಪಟ್ಟವಾದ ಸ್ಟ್ಯಾನ್ಲಿ ಕಪ್ ಕಾಣದ ಊರಿನಲ್ಲಿ ಮೊದಲ ಲೆಕ್ಕವನ್ನು ಯಾರೂ ಕೇಳುವುದಿಲ್ಲ. 2025ರ ಮೇ ತಿಂಗಳಲ್ಲಿ ಫ್ಲಾರಿಡಾ ವಿರುದ್ಧದ ಸರಣಿಯ ನಿರ್ಣಾಯಕ ಏಳನೆಯ ಪಂದ್ಯವನ್ನು ತವರಿನಲ್ಲಿಯೇ 1–6ರಿಂದ ಸೋತರು. ಆ ಸರಣಿಯಲ್ಲಿ ನಮ್ಮ ಅಭಿಮಾನಿಗಳೇ ಜೆರ್ಸಿ ಬಿಚ್ಚಿ ಮಂಜಿನ ಮೇಲೆ ಎಸೆದದ್ದನ್ನು ನೋಡಿ, ಇಷ್ಟು ದುಬಾರಿ ಬಟ್ಟೆಯನ್ನು ಎಸೆಯಲು ಇವರಿಗೆ ಮನಸ್ಸಾದರೂ ಹೇಗೆ ಬಂತು ಎಂದುಕೊಂಡೆ.

ಜೂನ್ 30ರಂದು ಅವನನ್ನು ವೇಗಸ್ ಗೋಲ್ಡನ್ ನೈಟ್ಸ್ ತಂಡಕ್ಕೆ ಕಳುಹಿಸಿ ಬದಲಿಗೆ ನಿಕೊಲಾಸ್ ರಾಯ್ ಎಂಬ ಆಟಗಾರನನ್ನು ಪಡೆದರು. ಮರುದಿನ ಒಪ್ಪಂದ ಮುಗಿದು ಮಾರ್ನರ್ ಹೇಗೂ ಸ್ವತಂತ್ರನಾಗುತ್ತಿದ್ದ. ಹೊರಗಿನ ತಂಡವೊಂದು ಅವನಿಗೆ ಹೆಚ್ಚೆಂದರೆ ಏಳು ವರ್ಷಗಳ ಒಪ್ಪಂದ ಕೊಡಬಹುದಾಗಿತ್ತು, ಸ್ವಂತ ತಂಡ ಮಾತ್ರ ಎಂಟು ವರ್ಷ ಕೊಡಬಹುದಾಗಿತ್ತು. ಹಾಗಾಗಿ ಎಂಟು ವರ್ಷಗಳ, 9.6 ಕೋಟಿ ಡಾಲರ್‌ಗಳ ಒಪ್ಪಂದವನ್ನು ಟೊರಾಂಟೊದಲ್ಲಿಯೇ ಬರೆಸಿ ಆಮೇಲೆ ವಿನಿಮಯ ಮಾಡಿದರು. ಬರಿಗೈಗಿಂತ ರಾಯ್ ವಾಸಿ ಎಂಬುದು ನಿಜ. ಆದರೂ 741 ಅಂಕಗಳ ಆಟಗಾರನಿಗೆ ಬದಲಾಗಿ ಇಷ್ಟೇ ದಕ್ಕಿದ್ದಕ್ಕೆ ನಾನು ಮಾರ್ನರ್‌ನನ್ನು ದೂರುವುದಿಲ್ಲ. ಅವನ ಒಪ್ಪಿಗೆಯಿಲ್ಲದೆ ಎಲ್ಲಿಗೂ ಕಳುಹಿಸುವಂತಿಲ್ಲ ಎಂಬ ಷರತ್ತನ್ನು ಬರೆದುಕೊಟ್ಟವರು ತಂಡದವರೇ, ಆ ಷರತ್ತು ಜಾರಿಗೆ ಬರುವ ಮುನ್ನ ಸುಮ್ಮನೆ ಕುಳಿತವರೂ ಅವರೇ. ಹೀಗೆಲ್ಲ ತರ್ಕ ಮಾಡುತ್ತಿದ್ದರೂ ಆ ಜೆರ್ಸಿಯನ್ನು ತೊಡಲು ಮಾತ್ರ ನಾಲ್ಕು ತಿಂಗಳು ಮನಸ್ಸಾಗಲಿಲ್ಲ.

ಅಂಗಡಿಗೆ ಹೋದಾಗ ನನ್ನ ಯೋಚನೆ ಮಾರ್ನರ್ ಹೆಸರನ್ನು ತೆಗೆಸಿ, ತಂಡದ ನಾಯಕ ಆಸ್ಟನ್ ಮ್ಯಾಥ್ಯೂಸ್‌ನ ಹೆಸರು ಮತ್ತು 34 ಹಾಕಿಸುವುದಾಗಿತ್ತು. ಯಜಮಾನರು ಕನ್ನಡಕ ಏರಿಸಿಕೊಂಡು ಜೆರ್ಸಿಯ ಒಳಮೈಯನ್ನು ತಿರುವಿ ನೋಡಿ, “ಇವರು ಎಷ್ಟು ವರ್ಷ ಇರ್ತಾರೆ ಸಾರ್?” ಎಂದು ಕೇಳಿದರು. ಹರಾಜಿನಲ್ಲಿ ಸಿರಾಜ್ ಗುಜರಾತ್ ಪಾಲಾದಾಗ ಆರ್‌ಸಿಬಿ ಜೆರ್ಸಿಯಿಂದ ಅವನ ಹೆಸರು ತೆಗೆಸಿದ ಗಿರಾಕಿಯೊಬ್ಬರು, 2025ರ ಏಪ್ರಿಲ್‌ನಲ್ಲಿ ಅವನು ಚಿನ್ನಸ್ವಾಮಿಗೆ ಬಂದು ನಮ್ಮ ವಿರುದ್ಧವೇ ಮೂರು ವಿಕೆಟ್ ಕಿತ್ತ ಮೇಲೆ, ಅದೇ ಹೆಸರನ್ನು ಮತ್ತೆ ಹಾಕಿಕೊಡಿ ಎಂದು ಬಂದರಂತೆ. ಕೆಲಸ ಹಿಡಿಯುವ ಮೊದಲು ಗಿರಾಕಿಗೆ ಇಷ್ಟು ಯೋಚಿಸಲು ಅವಕಾಶ ಕೊಡುವ ಅಂಗಡಿಗಳು ಈ ಊರಿನಲ್ಲಿ ಕಡಿಮೆ.

ಅಲ್ಲಿಯೇ ಸ್ಟೂಲಿನ ಮೇಲೆ ಕುಳಿತು ಯೋಚಿಸಿದಾಗ ಹೊಳೆದ ಹೆಸರು ತಂಡದ ಹಳೆಯ ಆಟಗಾರ ಮ್ಯಾಟ್ಸ್ ಸುಂಡಿನ್. ಅವನ ಸಂಖ್ಯೆ 13. ಅದನ್ನು ತಂಡ 2016ರಲ್ಲಿ ಗೌರವಪೂರ್ವಕವಾಗಿ ನಿವೃತ್ತಿಗೊಳಿಸಿದ್ದರಿಂದ ಇನ್ನು ಯಾರೂ ಅದನ್ನು ಬೇರೆಡೆಗೆ ಕಳುಹಿಸುವಂತಿಲ್ಲ. ಸುಂಡಿನ್ ಟೊರಾಂಟೊಗೆ ಬಂದದ್ದೇ ಇಂಥದೊಂದು ಬೇಸಿಗೆಯ ವಿನಿಮಯದಲ್ಲಿ, 1994ರ ಜೂನ್ 28ರಂದು. ಊರಿಗೆ ಊರೇ ಮೆಚ್ಚಿದ್ದ ನಾಯಕ ವೆಂಡಲ್ ಕ್ಲಾರ್ಕ್‌ನನ್ನು ಕ್ವಿಬೆಕ್‌ಗೆ ಕೊಟ್ಟು ಅವನನ್ನು ತಂದಾಗ ಜನ ಸಿಟ್ಟಾಗಿದ್ದರು. ಮುಂದೆ ಅವನೇ ನಾಯಕನಾಗಿ, ತಂಡದ ಪರ 987 ಅಂಕ ಗಳಿಸಿದ. 2008ರಲ್ಲಿ ಅವನೂ ವಿನಿಮಯಕ್ಕೆ ಒಪ್ಪದೆ, ಒಪ್ಪಂದ ಮುಗಿಸಿಕೊಂಡು ವ್ಯಾಂಕೂವರ್ ಸೇರಿದ ಎಂಬುದು ಆ ಕ್ಷಣಕ್ಕೆ ನನಗೆ ಮರೆತಿತ್ತು. ಮನೆಗೆ ಹೋಗುವಾಗ ಮೆಟ್ರೊದಲ್ಲಿ ನೆನಪಾಯಿತು.

ಯಜಮಾನರು ಮಾತ್ರ ಬೇರೆಯೇ ಲೆಕ್ಕ ಹಾಕಿದರು. ಇಂಗ್ಲಿಷಿನಲ್ಲಿ ಎರಡು ಹೆಸರುಗಳಿಗೂ ಆರಾರು ಅಕ್ಷರ. 16ರ ಒಂದನ್ನು ಹಾಗೆಯೇ ಬಿಟ್ಟು ಆರನ್ನಷ್ಟೇ ಮೂರು ಮಾಡಿದರೆ ಸಾಕು. ಬೆನ್ನಿನ ಮೇಲೊಂದು, ಎರಡು ತೋಳುಗಳ ಮೇಲೆ ಒಂದೊಂದು, ಹೀಗೆ ಬದಲಾಗಬೇಕಾದದ್ದು ಮೂರು ಅಂಕಿಗಳು. ಹೀಟ್ ಪ್ರೆಸ್‌ನಲ್ಲಿ ವಿನೈಲ್ ಹಾಳೆ ಒತ್ತಿಸಿದರೆ 450 ರೂಪಾಯಿ, ಟ್ವಿಲ್ ಬಟ್ಟೆಯನ್ನು ಕತ್ತರಿಸಿ ಹೊಲಿದರೆ 1,150 ಎಂದರು. ಅಗ್ಗದ್ದನ್ನು ಮಾಡಿಸಬೇಡಿ ಎಂದು ಅವರೇ ತಡೆದರು: ಉಳಿಯುವ 1 ಹೊಲಿದದ್ದು, ಪಕ್ಕದ 3 ಅಂಟಿಸಿದ್ದು ಎಂದಾದರೆ ದೂರದಿಂದಲೇ ತಿಳಿಯುತ್ತದೆ, ಜೊತೆಗೆ ಪಾಲಿಯೆಸ್ಟರ್ ಬಟ್ಟೆಯನ್ನು ಹೆಚ್ಚು ಬಿಸಿ ಮಾಡಿದರೆ ಅದರ ನೀಲಿ ಬಣ್ಣ ಮೇಲಿನ ಬಿಳಿಗೆ ಇಳಿದು ಅಕ್ಷರ ಮಸುಕಾಗುತ್ತದೆ.

ಬಿಚ್ಚುವ ಕೆಲಸವೇ ಹೊಲಿಯುವುದಕ್ಕಿಂತ ಕಷ್ಟದ್ದು. ಅಕ್ಷರಗಳ ಅಂಚಿನ ಝಿಗ್‌ಜಾಗ್ ಹೊಲಿಗೆಯನ್ನು ಒಳಗಿನಿಂದ ಒಂದೊಂದಾಗಿ ಕತ್ತರಿಸಿ, ಹಬೆ ಹಿಡಿದು ಹಿಂಬದಿಯ ಅಂಟನ್ನು ಮೆತ್ತಗೆ ಮಾಡಿ, ಬಟ್ಟೆ ಎಳೆಯದಂತೆ ಎತ್ತಬೇಕು. ಇದನ್ನು ಮಾಡಿದ ಕುಶಲಕರ್ಮಿಯ ಕೈ ಬಹಳ ಶಾಂತವಾದದ್ದಿರಬೇಕು; ಬೆನ್ನಿನ ಮೇಲೆ ಒಂದು ಎಳೆಯೂ ಕಿತ್ತಿಲ್ಲ. ಹೆಸರಿನ ಪಟ್ಟಿ ಭುಜದಿಂದ ಭುಜಕ್ಕೆ ಸಮವಾಗಿ ಕೂತಿದೆ, ಹೊಸ ಬಿಳುಪು ಹಳೆಯ 1ರ ಬಿಳುಪಿಗೆ ಹೆಚ್ಚುಕಡಿಮೆ ಹೊಂದಿದೆ.

ದೋಷ ಇರುವುದು ಅಂಕಿಯಲ್ಲಿ. ಆರರ ಎಡಬದಿ ತುಂಬಿದ್ದು, ಮೂರರ ಎಡಬದಿ ತೆರೆದದ್ದು. ಹಾಗಾಗಿ ಹಳೆಯ ಆರರ ಬೆನ್ನು ಇದ್ದ ಕಡೆ ಸೂಜಿ ತೂತುಗಳ ಸಾಲು ಮತ್ತು ಬಿಸಿಲಿಗೆ ಮಾಸದ ಗಾಢ ನೀಲಿಯ ಒಂದು ಪಟ್ಟಿ ಈಗಲೂ ಕಾಣುತ್ತದೆ. ಗುರುತು ಉಳಿಯುತ್ತದೆ ಎಂದು ಅವರು ಮೊದಲೇ ಹೇಳಿದ್ದರಿಂದ ಇದನ್ನು ನಾನು ಮೋಸ ಎನ್ನುವುದಿಲ್ಲ, ಆದರೆ ಇಷ್ಟು ಎದ್ದು ಕಾಣುತ್ತದೆ ಎಂದು ಹೇಳಿರಲಿಲ್ಲ. ಹಳೆಯ ಜೆರ್ಸಿ ಒಯ್ಯುವವರು, ತೆಗೆಯುವ ಅಂಕಿಯನ್ನು ಪೂರ್ತಿ ಮುಚ್ಚುವ ಅಂಕಿ ಯಾವುದು ಎಂದು ಕಾಗದದ ಮೇಲೆ ಬರೆದು ನೋಡಿಕೊಂಡು ಹೋಗುವುದು ಒಳ್ಳೆಯದು. ನಾನು 18 ಅಂಕಿಯ ಒಬ್ಬ ಆಟಗಾರನನ್ನು ಮೆಚ್ಚಿಕೊಂಡಿದ್ದರೆ ಈ ಪ್ಯಾರಾ ಬರೆಯಬೇಕಾಗುತ್ತಿರಲಿಲ್ಲ.

ಇನ್ನೊಂದು ದೂರು ಕಾಲದ್ದು. ಒಂದು ವಾರ ಎಂದವರು ಹದಿನಾರು ದಿನ ತೆಗೆದುಕೊಂಡರು. ರಾಜ್ಯೋತ್ಸವದ ಮುಂದಿನ ದಿನಗಳಾದ್ದರಿಂದ ಅಂಗಡಿಯ ತುಂಬ ಹಳದಿ ಕೆಂಪು ಟೀ ಶರ್ಟುಗಳ ಗುಡ್ಡೆ. ಅದರ ನಡುವೆ ನನ್ನ ನೀಲಿ ಜೆರ್ಸಿ ಎರಡು ಬಾರಿ ಹುಡುಕಿದರೂ ಸಿಗದೆ, ಮೂರನೆಯ ಬಾರಿ ಯಾವುದೋ ಶಾಲೆಯ ಸ್ವೆಟರ್‌ಗಳ ಕೆಳಗಿನಿಂದ ಹೊರಬಂತು. ಫೋನ್ ಮಾಡಿದಾಗಲೆಲ್ಲ “ನಾಳೆ ಸಾರ್” ಎಂಬ ಉತ್ತರ ಬಂದದ್ದು ಕೆಲಸದ ಗುಣಕ್ಕೆ ತಕ್ಕದ್ದಲ್ಲ. ಜೂನ್‌ನಲ್ಲಿ ಶಾಲೆಗಳ ಕೆಲಸವೂ ಇಷ್ಟೇ ಇರುತ್ತದಂತೆ, ಆ ಎರಡು ಕಾಲವನ್ನು ಬಿಟ್ಟು ಹೋಗುವುದು ಲೇಸು.

ಎದೆಯ ಎಡಕ್ಕೆ ನಾಯಕನ ಗುರುತಾದ ಸಿ ಅಕ್ಷರವನ್ನು 80 ರೂಪಾಯಿಗೆ ಹೊಲಿದುಕೊಡುತ್ತೇವೆ ಎಂದಿದ್ದರು. ಹೊಲಿಸಿದೆ, ಅದು ಚೆನ್ನಾಗಿದೆ. ನಾಲ್ಕು ಸಲ ಒಗೆದ ಮೇಲೆ ಬಲತೋಳಿನ ಮೂರರ ಮೇಲ್ತುದಿ ಸ್ವಲ್ಪ ಬಿಚ್ಚಿಕೊಂಡಿತು. ಕಿರಿದಾದ ತೋಳನ್ನು ಯಂತ್ರದ ಕೆಳಗೆ ತಿರುಗಿಸಿ ಹೊಲಿಯುವುದು ಕಷ್ಟ ಎಂದು ಯಜಮಾನರು ಒಪ್ಪಿಕೊಂಡು, ಅಂಚಿನ ಹೊಲಿಗೆಯನ್ನು ಬಿಚ್ಚಿ ತೋಳನ್ನು ಚಪ್ಪಟೆ ಹರಡಿ ಮತ್ತೆ ಹೊಲಿದರು, ಹಣ ಕೇಳಲಿಲ್ಲ. ಅದಕ್ಕೆ ತಗುಲಿದ್ದು ಇಪ್ಪತ್ತು ನಿಮಿಷ. ಎದುರಿಗಿನ ಅಂಗಡಿಯಿಂದ ತರಿಸಿದ ಚಹಾದ ದುಡ್ಡನ್ನೂ ಅವರೇ ಕೊಟ್ಟರು.